ಮೇಲಿನ ಮಳೆ, ಕೆಳಗಿನ ಮಳೆ

ಕೊಪ್ಪದ ಕಡೆಯ ಒಂದು ತೋಟದ ಮನೆಯಲ್ಲಿ ಮೂರು ತಲೆಮಾರಿನವರು ಬರೆದಿಟ್ಟ ಮಳೆ ಪುಸ್ತಕಗಳಿವೆ. ಕಾಫಿ, ಅಡಿಕೆ ಬೆಳೆಯುವ ಮಲೆನಾಡಿನ ಮನೆಗಳಲ್ಲಿ ಇದೇನೂ ಅಪರೂಪವಲ್ಲ. ಬೆಳಗ್ಗೆ ಎದ್ದು, ಮಾಪಕದಲ್ಲಿ ತುಂಬಿದ ನೀರನ್ನು ಅಳತೆ ಗಾಜಿಗೆ ಸುರಿದು, ‘ಎರಡು ಇಂಚು ನಲವತ್ತು ಸೆಂಟು’ ಎಂದು ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ. ಸರ್ಕಾರದ ಲೆಕ್ಕವೆಲ್ಲ ಮಿಲಿಮೀಟರಿಗೆ ತಿರುಗಿ ಎಷ್ಟೋ ದಶಕಗಳಾದವು. ತೋಟದವರ ಬಾಯಲ್ಲಿ ಮಾತ್ರ ಇಂಚು-ಸೆಂಟು ಉಳಿದುಕೊಂಡಿದೆ. ಇಂಚಿನ ನೂರನೇ ಒಂದು ಪಾಲೇ ಒಂದು ಸೆಂಟು. ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಒಂದಿಂಚು ಬಂತೋ, ಅರವತ್ತೇ ಸೆಂಟಿಗೆ ನಿಂತಿತೋ ಎಂಬುದರ ಮೇಲೆ ವರ್ಷದ ಫಸಲು ನಿಂತಿರುವಾಗ ಲೆಕ್ಕ ಇಷ್ಟು ಬಿಗಿಯಾಗಿರುವುದು ಸಹಜ.

ಆ ಪುಸ್ತಕಗಳಲ್ಲೊಂದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ ಸಾಲೊಂದಿತ್ತು. ಮಾಪಕವನ್ನು ಮಾಳಿಗೆಯ ಮೇಲಿನಿಂದ ಅಂಗಳಕ್ಕೆ ಇಳಿಸಿದೆ ಎಂಬುದಷ್ಟೇ ಅದರ ಒಕ್ಕಣೆ. ಅದರ ಕೆಳಗಿನ ಪುಟಗಳಲ್ಲಿ ಮಳೆ ಹೆಚ್ಚಾಗಿತ್ತು. ಒಂದು ವರ್ಷ ಜಾಸ್ತಿ ಬಂದಿದ್ದರೆ ಸರಿ, ಆ ವರ್ಷದ ಮಳೆಯೇ ಹಾಗೆ ಎನ್ನಬಹುದಿತ್ತು. ಆದರೆ ಏರಿದ ಲೆಕ್ಕ ಮತ್ತೆ ಇಳಿಯಲೇ ಇಲ್ಲ. ಪುಸ್ತಕವನ್ನು ನನ್ನ ಮುಂದಿಟ್ಟ ಹಿರಿಯರು ಕೇಳಿದ್ದು ನೇರ ಪ್ರಶ್ನೆ: “ಮಳೆ ಮೇಲೊಂದು, ಕೆಳಗೊಂದು ಬೀಳ್ತದಾ ಮಾರಾಯ್ರೆ?”

ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಹಳೆಯ ದಾಖಲೆಗಳಲ್ಲಿ ಹುಡುಕಲು ಹೊರಟದ್ದು. ಮಳೆ ಎಷ್ಟು ಬಿತ್ತು ಎಂಬ ಅಂಕಿ ಎಲ್ಲೆಡೆ ಸಿಗುತ್ತದೆ. ಯಾವ ಎತ್ತರದಲ್ಲಿ ಹಿಡಿದ ಮಳೆ ಎಂದು ಹೇಳುವ ದಾಖಲೆಗಳೇ ಕಡಿಮೆ.

ಹುಡುಕಾಟದ ಮೊದಲ ನಿಲ್ದಾಣ ಮೈಸೂರಿನಲ್ಲೇ ಇದೆ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಗಳ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಹೊರಬಂತು. ದವಸದ ಉಗ್ರಾಣದ ಮುಂದೆ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲದ ಬಾಯಿಯುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಅದರಲ್ಲಿ ವಿಧಿಸಲಾಗಿದೆ. ಯಾವ ಸೀಮೆಗೆ ಎಷ್ಟು ಮಳೆ ಎಂಬ ಪಟ್ಟಿಯೂ ಇದೆ: ಅಶ್ಮಕಕ್ಕೆ ಹದಿಮೂರೂವರೆ ದ್ರೋಣ, ಅವಂತಿಗೆ ಇಪ್ಪತ್ಮೂರು, ಪಶ್ಚಿಮದ ಅಪರಾಂತಕ್ಕಂತೂ ಮಿತಿಯೇ ಇಲ್ಲ. ಘಟ್ಟದ ಕೆಳಗಿನ ಮಳೆಯನ್ನು ಕಂಡವರು ಈ ಕೊನೆಯ ಮಾತನ್ನು ಉತ್ಪ್ರೇಕ್ಷೆ ಎನ್ನಲಾರರು. ಮಳೆಯ ಲೆಕ್ಕ ಕಂದಾಯದ ಲೆಕ್ಕಕ್ಕೆ ಅಂಟಿಕೊಂಡೇ ಹುಟ್ಟಿತು ಎಂಬುದೂ ಇಲ್ಲಿ ಸ್ಪಷ್ಟ. ಕುಂಡದ ಬಾಯಿಯ ಅಗಲವೇನೋ ಸಿಕ್ಕಿತು. ನೆಲದಿಂದ ಎಷ್ಟು ಎತ್ತರದಲ್ಲಿ ಇಡಬೇಕೆಂಬ ಮಾತು ಮಾತ್ರ ಅಲ್ಲಿಲ್ಲ.

ಕೊರಿಯಾದ ರಾಜ ಸೆಜೊಂಗನ ಆಳ್ವಿಕೆಯಲ್ಲಿ, 1442ರ ಹೊತ್ತಿಗೆ, ಮಾಪಕದ ಅಗಲ ಮತ್ತು ಆಳ ಎರಡನ್ನೂ ನಿಗದಿ ಮಾಡಿ ಪ್ರಾಂತ್ಯಗಳಿಗೆಲ್ಲ ಹಂಚಿದ್ದರು. ಪಾತ್ರೆಯನ್ನು ಕೂರಿಸಲು ಕಲ್ಲಿನ ಪೀಠವೂ ಇತ್ತು. ಪೀಠವಿದ್ದ ಕಡೆ ಎತ್ತರವೂ ತಾನಾಗಿಯೇ ಒಂದು ಅಳತೆಗೆ ಬರುತ್ತದೆ. ಇಂಗ್ಲೆಂಡಿನ ಕಥೆ ಬೇರೆ. ಲ್ಯಾಂಕಾಶೈರಿನ ರಿಚರ್ಡ್ ಟೌನ್ಲಿ 1677ರಲ್ಲಿ ಮಳೆ ಅಳೆಯಲು ಶುರುಮಾಡಿದಾಗ ಮನೆಯ ಸೂರಿನ ಮೇಲೆ ಆಲಿಕೆಯನ್ನಿಟ್ಟು, ಸೀಸದ ಕೊಳವೆಯೊಂದನ್ನು ಅದಕ್ಕೆ ಬೆಸೆದು, ತನ್ನ ಕೋಣೆಯೊಳಕ್ಕೇ ಇಳಿಸಿಕೊಂಡ. ಮಳೆಯಲ್ಲಿ ನೆನೆಯದೆ, ಕೂತಲ್ಲೇ ಅಳೆಯುವ ಅನುಕೂಲ! ವರ್ಷಗಟ್ಟಲೆ ತಪ್ಪದೆ ಬರೆದ ಆ ದಾಖಲೆ ಅಮೂಲ್ಯವಾದದ್ದೇ. ಆದರೆ ಅದು ಸೂರಿನ ಮೇಲಿನ ಮಳೆ. ಅದರಿಂದ ಏನಾದರೂ ವ್ಯತ್ಯಾಸವಾದೀತು ಎಂಬ ಅನುಮಾನ ಆಗ ಯಾರಿಗೂ ಬಂದಿರಲಿಲ್ಲ.

ಅನುಮಾನ ಬಂದದ್ದು ಒಬ್ಬ ವೈದ್ಯನಿಗೆ. ಎದೆನೋವಿನ ‘ಆಂಜೈನಾ’ ರೋಗಲಕ್ಷಣವನ್ನು ಮೊದಲಬಾರಿ ಖಚಿತವಾಗಿ ವಿವರಿಸಿದವನೆಂದು ವೈದ್ಯಕೀಯದವರು ಇಂದಿಗೂ ನೆನೆಯುವ ವಿಲಿಯಂ ಹೆಬರ್ಡನ್ನೇ ಆತ. ಲಂಡನ್ನಿನಲ್ಲಿ ಒಂದು ಮೈಲಿ ಅಂತರದಲ್ಲಿದ್ದ ಎರಡು ಮಾಪಕಗಳನ್ನು ಹೋಲಿಸಿದಾಗ ಒಂದರಲ್ಲಿ ಸದಾ ಹೆಚ್ಚು, ಇನ್ನೊಂದರಲ್ಲಿ ಸದಾ ಕಡಿಮೆ. ಕಡಿಮೆ ತೋರುತ್ತಿದ್ದುದು ಸುತ್ತಲಿನ ಹೊಗೆಗೂಡುಗಳಿಗಿಂತ ಮೇಲಿತ್ತು. ಹೆಚ್ಚು ತೋರುತ್ತಿದ್ದುದು ತಗ್ಗಿನಲ್ಲಿತ್ತು. ರೋಗಿಯ ಹಾಸಿಗೆಯ ಬಳಿ ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದ ಮನುಷ್ಯ ಇದನ್ನು ಹಾಗೇ ಬಿಡಲಿಲ್ಲ. ಒಂದು ಮಾಪಕವನ್ನು ಮನೆಯ ತೋಟದಲ್ಲಿ, ಇನ್ನೊಂದನ್ನು ಅದೇ ಮನೆಯ ನೆತ್ತಿಯಲ್ಲಿ, ಮೂರನೆಯದನ್ನು ಹತ್ತಿರದ ವೆಸ್ಟ್‌ಮಿನ್‌ಸ್ಟರ್ ಅಬೆಯ ಗೋಪುರದ ಮೇಲೆ ಇರಿಸಿದ. 1766ರ ಜುಲೈನಿಂದ ಮುಂದಿನ ಜೂನ್‌ವರೆಗೆ ಪೂರ್ತಿ ಒಂದು ವರ್ಷದ ಲೆಕ್ಕ ಇಟ್ಟ. ತೋಟದಲ್ಲಿ 22.6 ಇಂಚು, ಮನೆಯ ಮೇಲೆ 18.1, ಗೋಪುರದ ಮೇಲೆ 12.1.

ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1769ರಲ್ಲಿ ಅಚ್ಚಾದ ಆ ಬರಹ ಕೆಲವೇ ಪುಟದ್ದು. ಅದರ ಕೋಷ್ಟಕವನ್ನು ತಿಂಗಳಿಂದ ತಿಂಗಳಿಗೆ ಬೆರಳಿಟ್ಟು ಓದುವಾಗ ಮೈ ಜುಂ ಎನ್ನುತ್ತದೆ. ಅದೇ ಮೋಡ, ಅದೇ ನೆಲ. ಗೋಪುರ ಹತ್ತಿದರೆ ಅರ್ಧದಷ್ಟು ಮಳೆ ಮಾಯ. ಲೇಖನದ ತಲೆಬರಹದಲ್ಲೇ ಹೆಬರ್ಡನ್ ತೋರಿದ ಎಚ್ಚರ ನನಗೆ ಬಹಳ ಹಿಡಿಸಿತು: ಬೇರೆಬೇರೆ ಎತ್ತರದಲ್ಲಿ ‘ಬಿದ್ದಂತೆ ತೋರುವ’ ಮಳೆ ಎಂದು ಬರೆದನೇ ಹೊರತು ‘ಬಿದ್ದ’ ಮಳೆ ಎನ್ನಲಿಲ್ಲ. ಕಾರಣ ಅವನಿಗೆ ಹೊಳೆಯಲಿಲ್ಲ. ವಿದ್ಯುತ್ತಿನ ಯಾವುದೋ ಅರಿಯದ ಗುಣ ಇರಬಹುದೇ ಎಂದು ಊಹಿಸಿ ಬಿಟ್ಟ.

ವಿದ್ಯುತ್ತಿನ ಮಾತೆತ್ತಿದರೆ ಆ ಕಾಲದಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕೇಳದಿರುವುದುಂಟೆ? ಮ್ಯಾಂಚೆಸ್ಟರಿನ ವೈದ್ಯ ಥಾಮಸ್ ಪರ್ಸಿವಲ್‌ಗೆ ಬರೆದ ಕಾಗದದಲ್ಲಿ ಫ್ರಾಂಕ್ಲಿನ್ ಬೇರೆಯೇ ವಿವರಣೆ ಕೊಟ್ಟ. ಮೇಲಿನ ತಣ್ಣನೆಯ ಗಾಳಿಯಲ್ಲಿ ಹುಟ್ಟಿದ ಹನಿ ತಣ್ಣಗಿರುತ್ತದೆ. ಕೆಳಗಿಳಿಯುವಾಗ ಬೆಚ್ಚಗಿನ ಗಾಳಿಯ ತೇವ ಅದರ ಮೈಮೇಲೆ ಕೂಡಿಕೊಳ್ಳುತ್ತದೆ. ಆದ್ದರಿಂದ ನೆಲ ಮುಟ್ಟುವ ಹೊತ್ತಿಗೆ ಹನಿ ದೊಡ್ಡದಾಗಿರುತ್ತದೆ; ಗೋಪುರದ ಮೇಲೆ ಕಡಿಮೆ, ತೋಟದಲ್ಲಿ ಹೆಚ್ಚು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಆವಿ ನೀರಾಗುವಾಗ ಶಾಖ ಬಿಡುತ್ತದೆ. ನೂರು ಗ್ರಾಂ ಮಳೆನೀರು ಸುತ್ತಲಿನ ಗಾಳಿಗಿಂತ 20 ಡಿಗ್ರಿ ತಣ್ಣಗಿದೆ ಎಂದುಕೊಂಡರೂ, ಸುಮಾರು ಮೂರೂವರೆ ಗ್ರಾಂ ಆವಿ ಅದರ ಮೇಲೆ ಕೂತ ಕೂಡಲೇ ಅದು ಗಾಳಿಯಷ್ಟೇ ಬೆಚ್ಚಗಾಗಿ, ಕೂಡಿಕೆ ನಿಂತುಹೋಗುತ್ತದೆ. ನೂರಕ್ಕೆ ಮೂರೋ ನಾಲ್ಕೋ ಹೆಚ್ಚಿದರೆ ಅದೇ ದೊಡ್ಡದು. ಹೆಬರ್ಡನ್‌ನ ಮಾಪಕಗಳಲ್ಲಿ ಕಂಡದ್ದು ಹೆಚ್ಚುಕಡಿಮೆ ಇಮ್ಮಡಿಯ ವ್ಯತ್ಯಾಸ.

ಇದಕ್ಕಿಂತ ಬಲವಾದ ಸಾಕ್ಷಿ ಅದೇ ಪತ್ರಿಕೆಯ ಮುಂದಿನ ಸಂಪುಟಗಳಲ್ಲಿತ್ತು. ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶ 1770ರಲ್ಲಿ ವೇಲ್ಸಿನ ರೆನ್ನಿಗ್ ಎಂಬ ಬೆಟ್ಟದ ತುದಿಯಲ್ಲೊಂದು, ಬುಡದಲ್ಲೊಂದು ಮಾಪಕ ಇಡಿಸಿದ. ಎರಡರ ನಡುವಿನ ಏರು ಸಾವಿರ ಅಡಿಗೂ ಮಿಕ್ಕಿದ್ದು, ಗೋಪುರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಳೆಯ ವ್ಯತ್ಯಾಸ ಮಾತ್ರ ತೀರ ಅಲ್ಪ. ಬೆಟ್ಟದ ತುದಿಯ ಮಾಪಕ ನೆಲದ ಮೇಲೇ ಕೂತಿತ್ತು. ಹಾಗಾದರೆ ಕಾರಣವಿರುವುದು ಮೋಡಕ್ಕೆ ಎಷ್ಟು ಹತ್ತಿರ ಎಂಬುದರಲ್ಲಲ್ಲ, ಕಾಲಡಿಯ ನೆಲದಿಂದ ಎಷ್ಟು ಮೇಲೆ ಎಂಬುದರಲ್ಲಿ. ಉತ್ತರ ಇಲ್ಲೇ ಅರ್ಧ ತೆರೆದಿತ್ತು. ಆದರೂ ಜನ ಇನ್ನೂ ತೊಂಬತ್ತು ವರ್ಷ ಅದರ ಸುತ್ತ ತಿರುಗಿದರು.

1832ರಲ್ಲಿ ಯಾರ್ಕ್ ನಗರದಲ್ಲಿ ಜಾನ್ ಫಿಲಿಪ್ಸ್ ಎಂಬ ಭೂವಿಜ್ಞಾನಿ, ವಿಲಿಯಂ ಗ್ರೇ ಎಂಬಾತನನ್ನು ಜೊತೆಗಿಟ್ಟುಕೊಂಡು, ಅಲ್ಲಿನ ದೊಡ್ಡ ಚರ್ಚಿನ 200 ಅಡಿಗೂ ಎತ್ತರದ ಗೋಪುರದ ಮೇಲೆ, ವಸ್ತುಸಂಗ್ರಹಾಲಯದ ಸೂರಿನ ಮೇಲೆ ಮತ್ತು ನೆಲದ ಮೇಲೆ ಮಾಪಕಗಳನ್ನಿಟ್ಟು ಮೂರು ವರ್ಷ ಅಳೆದ. ಫಲಿತಾಂಶ ಹೆಬರ್ಡನ್‌ನದೇ. ಫಿಲಿಪ್ಸ್ ಅದಕ್ಕೊಂದು ಸೂತ್ರವನ್ನೂ ಕಟ್ಟಿದ: ಕೊರತೆಯು ಎತ್ತರದ ವರ್ಗಮೂಲದಂತೆ ಏರುತ್ತದೆ, ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಹನಿ ಇಳಿಯುತ್ತ ಬೆಳೆಯುತ್ತದೆ ಎಂಬ ನಂಬಿಕೆಯಲ್ಲೇ ಅವನು ಇದನ್ನೆಲ್ಲ ಹೊಂದಿಸಿದ್ದು. ಚಳಿಗಾಲದ ಆ ಹೆಚ್ಚಳ ಬೇರೊಂದನ್ನು ಹೇಳುತ್ತಿತ್ತು. ಆ ಸೀಮೆಯಲ್ಲಿ ಚಳಿಗಾಲವೆಂದರೆ ಬಿರುಗಾಳಿಯ ಕಾಲ. ಹನಿಯೂ ಸಣ್ಣದು, ಹಗುರ.

ಗಾಳಿಯ ಮೇಲೆ ಮೊದಲು ಕಣ್ಣಿಟ್ಟವರಲ್ಲಿ ಅಲೆಗ್ಸಾಂಡರ್ ಡಲ್ಲಾಸ್ ಬೇಚ್ ಒಬ್ಬ. ಫಿಲಡೆಲ್ಫಿಯಾದ ಚೌಕಾಕಾರದ ಎತ್ತರದ ಗೋಪುರವೊಂದರ ನೆತ್ತಿಯಲ್ಲಿ, ಒಂದೊಂದು ಮೂಲೆಗೊಂದರಂತೆ ಮಾಪಕಗಳನ್ನಿಟ್ಟ. ಒಂದೇ ಎತ್ತರದಲ್ಲಿದ್ದರೂ ನಾಲ್ಕು ಮೂಲೆಗಳ ಲೆಕ್ಕ ಒಂದೇ ಆಗಲಿಲ್ಲ. ಗಾಳಿ ಬೀಸುವ ದಿಕ್ಕು ಬದಲಾದಂತೆ ಹೆಚ್ಚು ಹಿಡಿಯುವ ಮೂಲೆಯೂ ಬದಲಾಯಿತು. ಗೋಪುರಕ್ಕೆ ಬಡಿದ ಗಾಳಿ ಮೇಲಕ್ಕೆದ್ದು ಸುಳಿಯಾಗಿ ಹನಿಗಳನ್ನು ಹೊತ್ತೊಯ್ಯುತ್ತಿದೆ ಎಂದು 1838ರಲ್ಲಿ ಬರೆದ. ಈ ಬೇಚ್, ಫ್ರಾಂಕ್ಲಿನ್‌ನ ಮರಿಮಗ. ಮುತ್ತಜ್ಜನ ಊಹೆಯನ್ನು ಮರಿಮಗನೇ ಅಳೆದು ಪಕ್ಕಕ್ಕಿಟ್ಟ ಈ ಸಂಗತಿ ದಾಖಲೆಗಳ ನಡುವೆ ಸಿಕ್ಕಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊನೆಯ ತೀರ್ಪು ಬರೆದವನು ಮುಂದೆ ಅರ್ಥಶಾಸ್ತ್ರಜ್ಞನಾಗಿ ಹೆಸರಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. ಸಿಡ್ನಿಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದಾಗ ಆಸ್ಟ್ರೇಲಿಯಾದ ಹವಾಮಾನವನ್ನು ಶ್ರದ್ಧೆಯಿಂದ ದಾಖಲಿಸಿದ್ದ ತರುಣ. 1861ರಲ್ಲಿ, ಇನ್ನೂ ಇಪ್ಪತ್ತಾರರ ಹರೆಯದಲ್ಲಿ, ಎತ್ತರದ ಮಾಪಕದ ಕೊರತೆಗೆ ಗಾಳಿಯೇ ಕಾರಣ ಎಂದು ಸಾಧಿಸಿ ಲೇಖನ ಬರೆದ. ಹೊಳೆಯ ನಡುವೆ ಕಲ್ಲಿದ್ದರೆ ನೀರು ಅದನ್ನು ಬಳಸಿ, ಅದರ ನೆತ್ತಿಯಲ್ಲಿ ರಭಸವಾಗಿ ಹರಿಯುತ್ತದಲ್ಲ, ಮಾಪಕದ ಬಾಯಿಯ ಮೇಲೆ ಗಾಳಿಯೂ ಹಾಗೇ ಹರಿಯುತ್ತದೆ. ಮಾಪಕದೊಳಗೆ ಬೀಳಬೇಕಾದ ಹನಿ ಆ ರಭಸಕ್ಕೆ ಸಿಕ್ಕಿ ಆಚೆ ಬೀಳುತ್ತದೆ. ನೆಲದಿಂದ ಮೇಲೇರಿದಂತೆ ಗಾಳಿ ಜೋರು, ಆದ್ದರಿಂದ ನಷ್ಟವೂ ಜಾಸ್ತಿ. ದಪ್ಪ ಹನಿ ತಪ್ಪಿಸಿಕೊಳ್ಳುವುದು ಕಡಿಮೆ, ಸಣ್ಣ ಹನಿಯೇ ಹಾರಿಹೋಗುವುದು. ಗೋಪುರದ ಮೇಲೂ ಮಳೆ ಅಷ್ಟೇ ಬೀಳುತ್ತದೆ. ಮಾಪಕ ಹಿಡಿಯುವುದು ಕಡಿಮೆ. ಹೆಬರ್ಡನ್ ತಲೆಬರಹದಲ್ಲಿ ತೋರಿದ್ದ ಎಚ್ಚರಕ್ಕೆ ತೊಂಬತ್ತೆರಡು ವರ್ಷಗಳ ಬಳಿಕ ಫಲ ಸಿಕ್ಕಿತು.

ಆಮೇಲಿನದು ಶಿಸ್ತಿನ ಕಥೆ. ಜಾರ್ಜ್ ಸೈಮನ್ಸ್ 1860ರಿಂದ ಬ್ರಿಟನ್ನಿನ ಮಳೆ ಬರೆಯುವ ಹವ್ಯಾಸಿಗಳನ್ನೆಲ್ಲ ಒಂದೆಡೆ ಸೇರಿಸಿದ. ನೂರೈವತ್ತು ಚಿಲ್ಲರೆ ಜನರಿಂದ ಶುರುವಾದ ಆ ಬಳಗ 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಮೂರು ಸಾವಿರ ದಾಟಿತ್ತು. ಪಾದ್ರಿಗಳು, ಡಾಕ್ಟರುಗಳು, ನಿವೃತ್ತ ಕರ್ನಲ್‌ಗಳು ತಮ್ಮ ತೋಟಗಳಲ್ಲಿ ಬೇರೆಬೇರೆ ಅಳತೆಯ, ಎತ್ತರದ ಮಾಪಕಗಳನ್ನು ಸಾಲಾಗಿಟ್ಟು ವರ್ಷಗಟ್ಟಲೆ ಹೋಲಿಸಿದರು. ತೀರ ತಗ್ಗಿಸಿದರೆ ನೆಲಕ್ಕೆ ಬಡಿದ ಹನಿ ಸಿಡಿದು ಒಳಗೆ ಬೀಳುತ್ತದೆ, ಏರಿಸಿದರೆ ಗಾಳಿ ಕದಿಯುತ್ತದೆ. ಕೊನೆಗೆ ಒಂದು ಅಡಿಗೆ ಒಪ್ಪಿದರು. ಐದಿಂಚು ಅಗಲದ, ಹಿತ್ತಾಳೆ ಅಂಚಿನ ‘ಸೈಮನ್ಸ್ ಮಾಪಕ’ ಅಲ್ಲಿಂದ ಭಾರತಕ್ಕೂ ಬಂತು.

1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿ ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥನಾದ. ಅದುವರೆಗೆ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ರೀತಿಯಿದ್ದ ಮಳೆ ಲೆಕ್ಕ ಒಂದು ಕ್ರಮಕ್ಕೆ ಬರತೊಡಗಿತು. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ ವರದಿಗಳೂ, ಸಂಸ್ಥಾನದ ಮಳೆ ದಾಖಲೆಯ ವಾರ್ಷಿಕ ವರದಿಗಳೂ ಅಚ್ಚಾಗತೊಡಗಿದವು. ತಾಲ್ಲೂಕು ಕಚೇರಿಯ ಆವರಣದಲ್ಲಿ ಗಾರೆಯ ಕಟ್ಟೆಯ ಮೇಲೆ ಕೂತ ಆ ತಗಡಿನ ಪಾತ್ರೆಯನ್ನು ನೋಡದವರು ಯಾರು? ಈಗ ಅದೇ ಜಾಗಕ್ಕೆ ಫೈಬರ್‌ಗ್ಲಾಸಿನದು ಬಂದಿದೆ. ಬಾಯಿ ಇನ್ನೂರು ಚದರ ಸೆಂಟಿಮೀಟರ್, ಮಳೆ ವಿಪರೀತವಿರುವ ಕಡೆ ನೂರು. ಅಂಚು ನೆಲದಿಂದ 30 ಸೆಂಟಿಮೀಟರ್. ಓದುವ ಹೊತ್ತು ಬೆಳಗ್ಗೆ ಎಂಟೂವರೆ. ಇಷ್ಟೆಲ್ಲ ಸರಿಯಿದ್ದರೂ ಗಾಳಿ ನೂರಕ್ಕೆ ಎರಡರಿಂದ ಹತ್ತರಷ್ಟನ್ನು ಕದಿಯಬಲ್ಲದು ಎಂಬುದು ಇಂದಿನ ಅಂದಾಜು. ಕೊಪ್ಪದ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ: ಮಳೆ ಒಂದೇ, ಮಾಳಿಗೆಯ ಮೇಲೆ ಗಾಳಿಯ ಪಾಲು ಹೋಗುತ್ತಿತ್ತು.

ಉತ್ತರ ಸಿಕ್ಕಿತೆಂದು ಕಡತ ಕಟ್ಟಿಡಬಹುದಿತ್ತು. ಆದರೆ ಅದೇ ಪ್ರಶ್ನೆ ರೇಡಾರ್‌ನ ದಾಖಲೆಗಳಲ್ಲಿ ಮತ್ತೆ ಎದುರಾಯಿತು.

ಮಾಪಕದ ಬಾಯಿ ಎಷ್ಟು ಸಣ್ಣದು ನೋಡಿ. ಒಂದು ಚದರ ಕಿಲೋಮೀಟರ್ ನೆಲವನ್ನು ಇನ್ನೂರು ಚದರ ಸೆಂಟಿಮೀಟರಿನ ಮಾಪಕಗಳಿಂದ ಮುಚ್ಚಬೇಕೆಂದರೆ ಐದು ಕೋಟಿ ಮಾಪಕ ಬೇಕು. ಇಡೀ ಜಗತ್ತಿನ ಮಳೆಮಾಪಕಗಳ ಬಾಯಿಗಳನ್ನೆಲ್ಲ ಒಟ್ಟು ಜೋಡಿಸಿದರೂ ಅರ್ಧ ಫುಟ್‌ಬಾಲ್ ಮೈದಾನ ತುಂಬುವುದಿಲ್ಲವೆಂದು 2017ರಲ್ಲಿ ಸಂಶೋಧಕರು ಲೆಕ್ಕ ಹಾಕಿದ್ದಾರೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿಯಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73. ಎರಡೂ ಮಾಪಕ ಸರಿಯಾಗಿಯೇ ಅಳೆದಿದ್ದವು. ನಡುವಿನ ಲಕ್ಷಾಂತರ ಮನೆಗಳ ಮೇಲೆ ಏನಾಗುತ್ತಿದೆಯೆಂದು ಆ ಗಳಿಗೆಯಲ್ಲಿ ಹೇಳುವುದು ಅವೆರಡರಿಂದ ಆಗುತ್ತಿರಲಿಲ್ಲ. ಅದಕ್ಕೆ ಇಡೀ ಆಕಾಶವನ್ನು ಕೆಲವೇ ನಿಮಿಷಗಳಲ್ಲಿ ಸುತ್ತಿ ನೋಡುವ ಕಣ್ಣು ಬೇಕು.

ಆ ಕಣ್ಣು ಸಿಕ್ಕಿದ್ದು ಎರಡನೆಯ ಮಹಾಯುದ್ಧದಲ್ಲಿ. ವಿಮಾನ ಹುಡುಕುವ ರೇಡಾರ್‌ಗಳ ಪರದೆಯಲ್ಲಿ ಮಳೆ ಅಡ್ಡ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ಆ ಅಡ್ಡಿಯನ್ನೇ ಅಳೆಯಲು ಹೊರಟವರಲ್ಲಿ ಕೆನಡಾದ ಸ್ಟುವರ್ಟ್ ಮಾರ್ಷಲ್ ಮತ್ತು ವಾಲ್ಟರ್ ಪಾಮರ್ ಮುಖ್ಯರು. ರೇಡಾರ್ ಮಳೆಯನ್ನು ಅಳೆಯುವುದಿಲ್ಲ, ಹನಿಗಳಿಂದ ಮರಳಿ ಬರುವ ಪ್ರತಿಧ್ವನಿಯನ್ನು ಅಳೆಯುತ್ತದೆ. ಅದನ್ನು ಮಳೆಯ ಲೆಕ್ಕಕ್ಕೆ ತಿರುಗಿಸಬೇಕಾದರೆ ಮಳೆಯಲ್ಲಿ ಎಷ್ಟು ಗಾತ್ರದ ಹನಿ ಎಷ್ಟೆಷ್ಟಿವೆ ಎಂದು ತಿಳಿದಿರಬೇಕು. ಹನಿಯ ಗಾತ್ರ ಅಳೆಯುವುದು ಹೇಗೆ? ಹಿಮದ ಹರಳುಗಳ ಚಿತ್ರ ತೆಗೆದು ಹೆಸರಾದ ಅಮೆರಿಕದ ರೈತ ವಿಲ್ಸನ್ ಬೆಂಟ್ಲಿ 1904ರಲ್ಲೇ ದಾರಿ ತೋರಿಸಿದ್ದ. ತಟ್ಟೆಯಲ್ಲಿ ಹಿಟ್ಟು ಹರಡಿ ಒಂದು ಕ್ಷಣ ಮಳೆಗೆ ಹಿಡಿದರೆ ಒಂದೊಂದು ಹನಿಯೂ ಒಂದೊಂದು ಉಂಡೆಯಾಗುತ್ತದೆ. ಒಣಗಿದ ಮೇಲೆ ಉಂಡೆಗಳನ್ನು ಅಳೆದರಾಯಿತು. ಕೆನಡಾದವರು ಬಣ್ಣದ ಪುಡಿ ಸವರಿದ ಸೋಸುಕಾಗದವನ್ನು ಮಳೆಗೆ ಒಡ್ಡಿದರು. ಹನಿ ಬಿದ್ದಲ್ಲಿ ಮೂಡಿದ ಕಲೆಯ ಅಗಲದಿಂದ ಹನಿಯ ಗಾತ್ರ ತಿಳಿಯುತ್ತಿತ್ತು. 1948ರಲ್ಲಿ ಅವರು ಪ್ರಕಟಿಸಿದ ಪುಟ್ಟ ಟಿಪ್ಪಣಿ ಇವತ್ತಿಗೂ ರೇಡಾರ್ ಮಳೆ ಲೆಕ್ಕದ ಅಡಿಗಲ್ಲು.

ತೊಡಕು ಇರುವುದು ಹನಿಯ ಗಾತ್ರಕ್ಕೂ ಪ್ರತಿಧ್ವನಿಗೂ ಇರುವ ಸಂಬಂಧದಲ್ಲಿ. ಹನಿಯ ಅಗಲ ಇಮ್ಮಡಿಯಾದರೆ ಅದರಲ್ಲಿನ ನೀರು ಎಂಟು ಪಟ್ಟಾಗುತ್ತದೆ; ಪ್ರತಿಧ್ವನಿ ಮಾತ್ರ ಅರವತ್ತನಾಲ್ಕು ಪಟ್ಟಾಗುತ್ತದೆ. ಎಂದರೆ ಎರಡು ಮಿಲಿಮೀಟರಿನ ಒಂದು ಹನಿ ಮತ್ತು ಒಂದು ಮಿಲಿಮೀಟರಿನ ಅರವತ್ತನಾಲ್ಕು ಹನಿಗಳು ರೇಡಾರ್‌ಗೆ ಒಂದೇ. ಆದರೆ ಆ ಅರವತ್ತನಾಲ್ಕರಲ್ಲಿ ನೀರು ಎಂಟು ಪಟ್ಟು ಹೆಚ್ಚು. ಗುಡುಗು ಮಳೆಯ ದಪ್ಪ ಹನಿಗೆ ಮಾಡಿದ ಸೂತ್ರವನ್ನು ಆಷಾಢದ ಜಡಿಮಳೆಗೆ ಹಚ್ಚಿದರೆ ಲೆಕ್ಕ ಎಲ್ಲಿಗೆ ಹೋಗಬೇಡ! ರೇಡಾರ್‌ನವರು 40 ಡಿಬಿಝಡ್ ಎನ್ನುವ ಪ್ರತಿಧ್ವನಿಗೆ ಮಾರ್ಷಲ್-ಪಾಮರ್ ಸೂತ್ರ ಗಂಟೆಗೆ ಸುಮಾರು 12 ಮಿಲಿಮೀಟರ್ ಮಳೆ ಎನ್ನುತ್ತದೆ. ಉಷ್ಣವಲಯದ ಮಳೆಗೆಂದು ಅಮೆರಿಕದವರು ಬಳಸುವ ಸೂತ್ರ ಸುಮಾರು 22 ಎನ್ನುತ್ತದೆ. ಇಂಥ ಸೂತ್ರಗಳನ್ನು ಲೂಯಿ ಬ್ಯಾಟನ್ 1973ರ ತನ್ನ ಪುಸ್ತಕದಲ್ಲಿ ಒಟ್ಟು ಮಾಡಿದಾಗ 69 ಆದವು.

ಭಾರತದ ಮೊದಲ ಬಿರುಮಳೆ ಗುರುತಿಸುವ ರೇಡಾರ್ 1954ರಲ್ಲಿ ಕೋಲ್ಕತ್ತದ ದಮ್‌ದಮ್‌ನಲ್ಲಿ ಬಂತು. ಹವಾಮಾನ ಇಲಾಖೆಯ ಮೊದಲ ಡಾಪ್ಲರ್ ರೇಡಾರ್ 2002ರಲ್ಲಿ ಚೆನ್ನೈನಲ್ಲಿ. ಆ ಚೆನ್ನೈ ರೇಡಾರ್‌ನ ಚಿತ್ರದಲ್ಲಿ ಬೆಂಗಳೂರೂ ಕಾಣುತ್ತದೆಂದು ಅದನ್ನು ತೆರೆದಿಟ್ಟುಕೊಂಡು ಕೂರುವ ಮಳೆಪ್ರಿಯರು ನಮ್ಮಲ್ಲಿ ಬಹಳ. ನಾನು ಕಾಗದ-ಪೆನ್ಸಿಲ್ ಹಿಡಿದು ಎತ್ತರದ ಲೆಕ್ಕ ಹಾಕಿದೆ. ಕಿರಣವನ್ನು ಅಡ್ಡಡ್ಡವಾಗಿ, ಅರ್ಧ ಡಿಗ್ರಿ ಮಾತ್ರ ಎತ್ತಿ ಬಿಟ್ಟರೂ ಅದು ದೂರ ಹೋದಂತೆ ಭೂಮಿ ಕೆಳಗೆ ಬಾಗುತ್ತ ಹೋಗುತ್ತದೆ. ಇನ್ನೂರು ಕಿಲೋಮೀಟರ್ ದಾಟುವ ಹೊತ್ತಿಗೆ ಕಿರಣದ ನಡುಭಾಗ ನಾಲ್ಕು ಕಿಲೋಮೀಟರ್ ಮೇಲಿರುತ್ತದೆ, ಹರಡಿಕೊಂಡ ಅಗಲವೂ ಮೂರೂವರೆ ಕಿಲೋಮೀಟರ್ ಆಗಿರುತ್ತದೆ. ಚೆನ್ನೈಯಿಂದ 290 ಕಿಲೋಮೀಟರ್ ದೂರದ ಬೆಂಗಳೂರಿನ ಮೇಲೆ ಅದು ಹಾಯುವುದು ಸಮುದ್ರಮಟ್ಟದಿಂದ ಸುಮಾರು ಏಳೂವರೆ ಕಿಲೋಮೀಟರ್ ಎತ್ತರದಲ್ಲಿ. ಗೋವಾದ ರೇಡಾರ್‌ನಿಂದ ಆಗುಂಬೆಗೆ ಗೆರೆ ಎಳೆದರೆ ಸುಮಾರು 260 ಕಿಲೋಮೀಟರ್. ಅಲ್ಲಿ ಎತ್ತರ ಆರು ಕಿಲೋಮೀಟರಿಗೂ ಮೇಲೆ. ಮುಂಗಾರಿನಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಐದು ಕಿಲೋಮೀಟರಿನ ಆಸುಪಾಸು. ಅದಕ್ಕಿಂತ ಮೇಲಿರುವುದು ಹನಿಯಲ್ಲ, ಹಿಮದ ಹರಳು. ಘಟ್ಟದ ಮೇಲಿನ ಎಷ್ಟೋ ಮಳೆಮೋಡಗಳು ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ. ಕೆಳಗೆ ಧೋ ಎಂದು ಸುರಿಯುತ್ತಿರುವಾಗ ಕಿರಣ ಆ ಮೋಡದ ನೆತ್ತಿಯ ಮೇಲಿಂದಲೇ ಹಾದುಹೋಗುತ್ತದೆ.

ಹೆಬರ್ಡನ್‌ಗೆ ಗೋಪುರ ನೂರಿನ್ನೂರು ಅಡಿಯದು. ಇಲ್ಲಿ ಗೋಪುರ ಕಿಲೋಮೀಟರುಗಳದ್ದು. ಇಷ್ಟು ಎತ್ತರದಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಮಳೆ ನಿಜವಾಗಿಯೂ ಬದಲಾಗುತ್ತದೆಯೇ? ಬದಲಾಗುತ್ತದೆ. ಒಣ ಬಯಲುಸೀಮೆಯಲ್ಲಿ ಹನಿ ದಾರಿಯಲ್ಲೇ ಆವಿಯಾಗಿ ಕುಗ್ಗುತ್ತದೆ. ರೇಡಾರ್‌ನಲ್ಲಿ ಮಳೆ ಕಂಡರೂ ನೆಲ ಒದ್ದೆಯಾಗದಿರುವುದುಂಟು. ಬೆಟ್ಟದ ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ. ಸ್ವೀಡನ್ನಿನ ಟೋರ್ ಬರ್ಗೆರಾನ್ 1950ರ ದಶಕದಲ್ಲಿ ಉಪ್ಸಾಲದ ಸುತ್ತ ಮಾಪಕಗಳನ್ನು ಒತ್ತೊತ್ತಾಗಿ ಇಟ್ಟು ಅಳೆದಾಗ, ಕೆಲವೇ ಹತ್ತು ಮೀಟರ್ ಎತ್ತರದ ಗುಡ್ಡಗಳ ಮೇಲೂ ಸುತ್ತಲಿಗಿಂತ ಮಳೆ ಹೆಚ್ಚಿತ್ತು. ಅವನು ಕೊಟ್ಟ ವಿವರಣೆ ಹೀಗಿದೆ: ಮೇಲಿನ ಮೋಡದಿಂದ ಬಿದ್ದ ಹನಿ, ಗುಡ್ಡಕ್ಕೆ ತಾಗಿ ಕೂತ ತಗ್ಗಿನ ಮೋಡದೊಳಗೆ ಹಾಯುತ್ತದೆ. ತಾನಾಗಿ ಮಳೆಯಾಗಲಾರದಷ್ಟು ಸಣ್ಣದಾದ ಅಲ್ಲಿನ ಹನಿಕಣಗಳು ಅದಕ್ಕೆ ಡಿಕ್ಕಿ ಹೊಡೆದು ಕೂಡಿಕೊಳ್ಳುತ್ತವೆ. ನೆಲ ಮುಟ್ಟುವ ಹೊತ್ತಿಗೆ ಹನಿ ದಪ್ಪಗಾಗಿರುತ್ತದೆ. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ನಿಂತವರಿಗೆ ಆ ತಗ್ಗಿನ ಮೋಡ ಯಾವುದೆಂದು ವಿವರಿಸಬೇಕಿಲ್ಲ. ಅದು ರಸ್ತೆಯ ಮೇಲೇ ನಡೆದು ಬರುತ್ತದೆ.

ಹನಿ ಇಳಿಯುತ್ತ ಬೆಳೆಯುತ್ತದೆ ಎಂದಿದ್ದು ಫ್ರಾಂಕ್ಲಿನ್ ಅಲ್ಲವೇ? ಲಂಡನ್ನಿನ ಗೋಪುರಕ್ಕೆ ಹೊಂದದ ಮಾತು ಸಹ್ಯಾದ್ರಿಗೆ ಹೊಂದಿತು. ಅವನು ಹೇಳಿದ ಕಾರಣ, ಆವಿ ಕೂಡಿಕೊಳ್ಳುವುದು, ಸಾಲದು. ಕಣಗಳ ಡಿಕ್ಕಿಯೇ ದೊಡ್ಡ ಕಾರಣ. ಆದರೂ ಮೇಲಿನ ಮಳೆ ಬೇರೆ, ಕೆಳಗಿನ ಮಳೆ ಬೇರೆ ಎಂಬ ಅವನ ಗ್ರಹಿಕೆಯನ್ನು ಪೂರ್ತಿ ತಳ್ಳಿಹಾಕಿದ್ದು ಅವಸರವಾಯಿತು. ಮಾಳಿಗೆಗೂ ಅಂಗಳಕ್ಕೂ ನಡುವೆ ಕೇಳಿದರೆ ಜೆವನ್ಸ್ ಸರಿ. ರೇಡಾರ್ ಕಿರಣಕ್ಕೂ ಅಂಗಳಕ್ಕೂ ನಡುವೆ ಕೇಳಿದರೆ ಫ್ರಾಂಕ್ಲಿನ್‌ಗೂ ಒಂದು ಪಾಲು ಸಲ್ಲಬೇಕು.

ಈ ವ್ಯತ್ಯಾಸಕ್ಕೆ ಜನ ಬೆಲೆ ತೆತ್ತ ದಾಖಲೆಯೂ ಇದೆ. 1997ರ ಜುಲೈ 28ರ ರಾತ್ರಿ ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಊರಿಗೆ ನೆರೆ ನುಗ್ಗಿ ಐವರು ಸತ್ತರು. ಬೆಟ್ಟಕ್ಕೆ ಆತುಕೊಂಡು ನಿಂತ ಮೋಡ, ಉಷ್ಣವಲಯದ್ದರಂತಹ ಸಣ್ಣ ಹನಿಯ ದಟ್ಟ ಮಳೆ; ವಾಡಿಕೆಯ ಸೂತ್ರ ಹಿಡಿದ ರೇಡಾರ್ ಅದನ್ನು ತೀರ ಕಡಿಮೆ ತೋರಿಸಿತು. ಮರುದಿನಗಳಲ್ಲಿ ಅಲ್ಲಿನ ಹವಾಮಾನ ತಜ್ಞರು ಜನರ ಅಂಗಳಗಳಿಗೆ ಹೋಗಿ, ಹೊರಗೆ ಬಿಟ್ಟಿದ್ದ ಬಕೆಟ್ಟು, ಡಬ್ಬಿಗಳಲ್ಲಿ ಎಷ್ಟು ನೀರು ತುಂಬಿತ್ತೆಂದು ಕೇಳಿ ನಕ್ಷೆ ತಯಾರಿಸಿದರು. ಊರಿನ ಒಂದು ಬದಿಯಲ್ಲಿ ಹದಿನಾಲ್ಕು ಇಂಚಿಗೂ ಹೆಚ್ಚು, ಕೆಲವೇ ಮೈಲಿಯಾಚೆ ಎರಡಿಂಚಿಗೂ ಕಡಿಮೆ. ಅಲ್ಲಿನ ವಿಶ್ವವಿದ್ಯಾಲಯದ ನೋಲನ್ ಡೋಸ್ಕೆನ್ ಮರುವರ್ಷವೇ ಸಾಮಾನ್ಯರ ಕೈಗೆ ನಾಲ್ಕಿಂಚಿನ ಪ್ಲಾಸ್ಟಿಕ್ ಮಾಪಕ ಕೊಟ್ಟು ಮಳೆ ಬರೆಸತೊಡಗಿದರು. ಅತ್ತ ರೇಡಾರ್‌ಗಳೂ ಸುಧಾರಿಸಿದವು. ದೊಡ್ಡ ಹನಿ ಬೀಳುವಾಗ ಚಪ್ಪಟೆಯಾಗುತ್ತದೆ, ಸಣ್ಣದು ಗುಂಡಗೇ ಉಳಿಯುತ್ತದೆ. ಅಡ್ಡ ಮತ್ತು ಲಂಬ ಎರಡೂ ಬಗೆಯ ಅಲೆ ಕಳಿಸಿ ಹೋಲಿಸಿದರೆ ಹನಿಯ ಗಾತ್ರ ಅಂದಾಜಿಗೆ ಸಿಗುತ್ತದೆ. ಕಿರಣದ ಎತ್ತರದ ತೊಡಕಿಗೆ ಮಾತ್ರ ಇದರಲ್ಲೂ ಮದ್ದಿಲ್ಲ.

ಹೀಗಾಗಿ ಇಂದು ರೂಢಿಯಲ್ಲಿರುವ ಕ್ರಮವೆಂದರೆ ಎರಡನ್ನೂ ಕೂಡಿಸುವುದು. ಮಳೆಯ ಹರವು, ನಡೆ, ಆಕಾರಕ್ಕೆ ರೇಡಾರ್; ಪ್ರಮಾಣಕ್ಕೆ ಮಾಪಕ. ಒಂದು ಜಾಗದಲ್ಲಿ ಮಾಪಕ ತೋರಿದ್ದನ್ನು ರೇಡಾರ್ ತೋರಿದ್ದರಿಂದ ಭಾಗಿಸಿ, ಬಂದ ಗುಣಕದಿಂದ ಸುತ್ತಲಿನ ರೇಡಾರ್ ಲೆಕ್ಕವನ್ನೆಲ್ಲ ತಿದ್ದುತ್ತಾರೆ. ಈ ತಿದ್ದುಪಡಿಯಲ್ಲಿ ಮಾಪಕವೇ ನ್ಯಾಯಾಧೀಶ. ಕರ್ನಾಟಕಕ್ಕೆ ಇಲ್ಲೊಂದು ದೊಡ್ಡ ಅನುಕೂಲವಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ, ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿವೆ; ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ಇಷ್ಟು ದಟ್ಟ ಜಾಲ ದೇಶದಲ್ಲಿ ಅಪರೂಪ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಸಿಗುವುದೂ ಬಿಡುವುದೂ ಮಾಪಕದ ಅಂಕಿಯ ಮೇಲೆಯೇ. ಮಲೆನಾಡಿನ ಒಂದು ಊರಿನಲ್ಲಿ ಸ್ವಯಂಚಾಲಿತ ಮಾಪಕವೊಂದು ಕಟ್ಟಡದ ತಾರಸಿಯ ಮೇಲೆ ಕೂತಿರುವುದನ್ನು ನಾನು ಕಂಡೆ. ಬೇಲಿ ಕಟ್ಟುವ ಖರ್ಚಿಲ್ಲ, ದನ ಮುಟ್ಟುವುದಿಲ್ಲ, ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಹಾಕಿದವರ ಕಾರಣಗಳು ನನಗೂ ಅರ್ಥವಾಗುತ್ತವೆ. ಆದರೆ ತಾರಸಿಯ ಗಾಳಿ ನೂರರಲ್ಲಿ ಹತ್ತನ್ನು ಕದ್ದರೆ, ಆ ಮಾಪಕದಿಂದ ರೇಡಾರ್ ತಿದ್ದಿದಾಗ ಆ ಹತ್ತರ ಕೊರತೆ ಒಂದು ಕಟ್ಟಡಕ್ಕೆ ನಿಲ್ಲದೆ ಸುತ್ತಲಿನ ಹೋಬಳಿಗಳ ಲೆಕ್ಕಕ್ಕೆಲ್ಲ ಹರಡುತ್ತದೆ. ಅಳತೆಯ ಅಂಕಿ ಪ್ರಕಟವಾಗುವ ಕಡೆ ಮಾಪಕದ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಸುತ್ತ ಮರ-ಗೋಡೆಗಳು ಎಷ್ಟು ದೂರ, ಯಾವ ತಾರೀಖಿನಂದು ಜಾಗ ಬದಲಾಯಿಸಿದರು ಎಂಬ ಮೂರು ಕಾಲಂಗಳನ್ನೂ ಸೇರಿಸಬೇಕು. ಆರು ಸಾವಿರ ಮಾಪಕಗಳಿಗೆ ಟೇಪು ಹಿಡಿದು ಒಮ್ಮೆ ಅಳೆದು ಬರೆದರೆ, ಈವರೆಗೆ ಸೇರಿದ ಅಷ್ಟೂ ವರ್ಷಗಳ ಮಳೆಯನ್ನು ಮತ್ತೆ ಸರಿಯಾಗಿ ಓದಬಹುದು.